ಕಾಕಾ ಹೇಳಿದ ಬೆಲೆ

ಕಾಕಾ ಅವರ ಎಡಭುಜ ಬಲಭುಜಕ್ಕಿಂತ ತಗ್ಗಿತ್ತು. ಗಾಜಿನ ದೊಡ್ಡ ಮಾನಿಟರುಗಳನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲು ಹತ್ತಿ ಇಳಿದೂ ಇಳಿದೂ ಹಾಗಾಗಿತ್ತು. ವಿಜಯಪುರದ ಕಡೆಯಿಂದ ಈ ಮರಾಠಿ ಊರಿಗೆ ಬಂದವರು. ಶಿವಾಜಿನಗರದ ಜಾಹೀರಾತು ಕಚೇರಿಯೊಂದರಲ್ಲಿ ಟಿವಿಗಾಗಿ ತಿರುಗುವ ಅಕ್ಷರ, ಕುಣಿಯುವ ಸಾಬೂನು ಮಾಡುತ್ತಿದ್ದರು. ಆಗ ಅಂಥ ಚಿತ್ರಗಳಿಗೆಂದೇ ಬೇರೆ ಕಂಪ್ಯೂಟರುಗಳಿದ್ದವು. ಒಂದೊಂದಕ್ಕೂ ಒಂದು ಮನೆಯ ಬೆಲೆ. ಕಚೇರಿ ಮುಚ್ಚಿದಾಗ ಎಲ್ಲವೂ ಗುಜರಿಗೆ ಹೋದವು. ಕಾಕಾ ಬೆನ್ನು ಹತ್ತಿ, ಸಿಕ್ಕಷ್ಟನ್ನು ಕೋಥರೂಡದ ಮನೆಯ ಕೋಣೆಯೊಂದರಲ್ಲಿ ತುಂಬಿಕೊಂಡರು.

ಅದೇ ಹುಚ್ಚಿನಿಂದ ಅವರಿಗೆ ಗಂಟುಬಿದ್ದ ನಾನು ಭಾನುವಾರ ಊರಂಚಿನ ವಾಕಡದಿಂದ ಹೋಗಿ, ಫೋನಿನಲ್ಲಿ ಮಾರಾಟದ ಜಾಹೀರಾತುಗಳನ್ನು ತೋರಿಸುತ್ತಿದ್ದೆ. "ಇದು ಕೇಳೋ ರೇಟ್ ಅದ ತಮ್ಮಾ," ಅನ್ನುತ್ತಿದ್ದರು. "ಕೊಡೋರು ಯಾರರೆ ಸಿಕ್ಕಾರೇನು, ಅದನ್ನ ನೋಡು."

ಒಂದು ನೀಲಿ ಕಂಪ್ಯೂಟರನ್ನು ಮಾತ್ರ ವರ್ಷಗಟ್ಟಲೆ ಹುಡುಕುತ್ತಿದ್ದರು. ಅವರು ಕೆಲಸ ಕಲಿತದ್ದೇ ಅಂಥದ್ದರ ಮೇಲೆ. ಕಡೆಗೆ ಅದು ಪಕ್ಕದ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೇ ಸಿಕ್ಕಿತು. ಧಾರವಾಡದ ಹೆಂಗಸೊಬ್ಬರ ಮನೆಯಲ್ಲಿ; ಸ್ಟುಡಿಯೋ ನಡೆಸುತ್ತಿದ್ದ ಅವರ ಗಂಡ ತೀರಿಕೊಂಡಿದ್ದರು.

"ಭಂಗಾರದವನಿಗೆ ಕೊಡೋದಿತ್ರಿ," ಎಂದರು ಆಕೆ. ಗುಜರಿಗೆ ಇಲ್ಲಿ ಹಾಗೇ ಅನ್ನುವುದು. "ಐದು ಸಾವಿರ ಕೊಟ್ಟು ನೀವ ಒಯ್ರಿ. ಬಾಲ್ಕನಿ ಖಾಲಿ ಆದ್ರ ಸಾಕು."

ಕಾಕಾ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದರು. ಒಳಗೆ ಒಂದು ಭಾಗವೂ ಕಳೆದಿರಲಿಲ್ಲ. ಸುಮ್ಮನಿರಿ ಎಂದು ನಾನು ಕಣ್ಸನ್ನೆ ಮಾಡಿದೆ. ಅವರು ನೆಲದ ಮೇಲೆ ಕೂತು ಚಹಾ ಪೂರ್ತಿ ಕುಡಿದು, "ಅಕ್ಕಾರ, ಇದು ಭಂಗಾರ ಅಲ್ರಿ, ಬಂಗಾರ ಅದ. ಮೂರು ಲಕ್ಷಕ್ಕ ಕಡಿಮಿ ಯಾರಿಗೂ ಕೊಡಬ್ಯಾಡ್ರಿ," ಎಂದರು. "ನನ್ನ ಕಡೆ ಅಷ್ಟು ರೊಕ್ಕ ಇಲ್ಲ."

ಮೆಟ್ಟಿಲಿಳಿಯುವಾಗ ನಾನು ರೇಗಿದೆ. "ಯಾಕೆ ಹೇಳಿದ್ರಿ ಕಾಕಾ? ಸುಮ್ನಿದ್ದಿದ್ರೆ ನಿಮ್ದೇ ಆಗ್ತಿತ್ತಲ್ಲ!"

ಅವರು ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು. "ದಿನಾ ಅದರ ಮುಂದ ಕೂಡೋನು ನಾನ ಅಲ್ಲೇನಪಾ. ಮೋಸ ಮಾಡಿ ತಂದು ಹೆಂಗ ಕೂಡ್ಲಿ?"

ಮುಂಬೈಯವರೊಬ್ಬರು ಕಾಕಾ ಹೇಳಿದ ಅಷ್ಟೂ ದುಡ್ಡು ಕೊಟ್ಟು ಒಯ್ದರು. ಅದನ್ನು ಕಟ್ಟಲು ಬಂದವರಿಗೆ ಎತ್ತುವುದೇ ಗೊತ್ತಿರಲಿಲ್ಲ. ಕಾಕಾ ತಮ್ಮ ಮನೆಯ ಕೌದಿ ತಂದು, ತಾವೇ ಸುತ್ತಿ ಕಳಿಸಿದರು.

ಆಮೇಲೆ ಅವರು ಹುಡುಕುವುದನ್ನೇ ಬಿಟ್ಟರು. ಜಾಹೀರಾತು ತೋರಿಸಿದರೆ ಕನ್ನಡಕವನ್ನೂ ಹಾಕಿಕೊಳ್ಳುತ್ತಿರಲಿಲ್ಲ. "ಸಾಕಾತು," ಅನ್ನುತ್ತಿದ್ದರು. ಅವರ ಕೋಣೆಯಲ್ಲಿ ಕೂತು ಬಂದರೆ ಆ ಬೇಸರ ನನಗೂ ಅಂಟಿ ಸುಸ್ತಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿದ್ದಾಗ ಮುಂಬೈಯ ಆ ಕೊಂಡವರಿಂದ ನನಗೊಂದು ವಿಡಿಯೋ ಬಂತು: ನೀಲಿ ಕಂಪ್ಯೂಟರ್ ಚಾಲೂ ಆಗಿತ್ತು. ತೋರಿಸಿದೆ. ಕಾಕಾ ನೋಡಲಿಲ್ಲ, ಫೋನನ್ನು ಕಿವಿಗೆ ಹಿಡಿದುಕೊಂಡರು.

"ಫ್ಯಾನಿನ ಸಪ್ಪಳ ಸರಿ ಇಲ್ಲ," ಎಂದರು. "ಎಣ್ಣಿ ಬಿಡಾಕ ಹೇಳು."

ಆ ವಾರವೇ ಹೋದರು. ಈಗ ಹಳೆಯ ಯಂತ್ರ ಇರುವವರು ಬೆಲೆ ಕೇಳಿ ನನಗೆ ಫೋನ್ ಮಾಡುತ್ತಾರೆ. ಕೆಲಸದಿಂದ ಬಂದು ದಣಿದಿರುತ್ತೇನೆ. ಏನೋ ಒಂದು ಕಡಿಮೆ ಬೆಲೆ ಹೇಳಿ ನಾನೇ ತಂದುಕೊಂಡುಬಿಡೋಣ ಅನ್ನಿಸುವುದೂ ಉಂಟು. ಆಗುವುದಿಲ್ಲ. ಆ ಮನುಷ್ಯ ನನ್ನನ್ನು ಹಾಗೆ ಮಾಡಿಟ್ಟು ಹೋದರು.