ಒಂಬತ್ತು ಇಂಚು ಕುಳ್ಳಗಿದ್ದ ಸ್ಟ್ಯಾಂಡ್

ದೆಹಲಿಯ ಕರೋಲ್ ಬಾಗಿನ ಉಪಕರಣದಂಗಡಿಗಳ ಲೆಕ್ಕದಲ್ಲಿ ಗೋಪಿನಾಥರು ಲಾಭ ತರುವ ಗಿರಾಕಿಯಲ್ಲ. ಎತ್ತರ ಐದಡಿ ಎರಡಿಂಚು, ವಯಸ್ಸು ಐವತ್ತನಾಲ್ಕು, ಅಟ್ಟೆ ಬದಲಿಸಿದ ಬೂಟು, ಜೇಬಿನಲ್ಲಿ ಎರಡು ಪೆನ್ನು, ಒಂದು ಪುಟ್ಟ ಟಾರ್ಚು. ಚೌಕಾಸಿ ಮಾಡುವುದಿಲ್ಲ. ಮಾಡಿದ್ದರೆ ಅಂಗಡಿಯವನಿಗೆ ಒಳ್ಳೆಯದಿತ್ತು. ಚೌಕಾಸಿಗೆ ಇಳಿದವನು ಮಾಲನ್ನು ಅಷ್ಟಾಗಿ ನೋಡುವುದಿಲ್ಲ. ಇವರು ಸ್ಪ್ಯಾನರನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರು ಎಳೆದು, "ಇದು ಬೇಡ, ಇದರ ಅಣ್ಣ ಒಳಗಿರಬೇಕು, ಅವನನ್ನ ಕರೀರಿ" ಎನ್ನುವ ಪೈಕಿ.

ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದು, ದೆಹಲಿ ವಿಮಾನ ನಿಲ್ದಾಣದ ಪಕ್ಕದ ಒಂದು ಖಾಸಗಿ ರಿಪೇರಿ ಕಂಪನಿ ಸೇರಿದ್ದರು. ವಿಮಾನ ಇಳಿಯುವಾಗ ಭಾರ ಹೊರುವ ಚಕ್ರದ ಕಾಲುಗಳೇ ಅವರ ಕೆಲಸ. ಬೇರೆಯವರು ನಟ್ ಬಿಗಿದು, ಅದು ಸಡಿಲವಾಗದಂತೆ ಅಡ್ಡಲಾಗಿ ಒಂದು ಕಾಟರ್ ಪಿನ್ ತೂರಿಸುತ್ತಾರೆ. ಪಿನ್ ಇದೆಯೆಂದು ನೋಡಿ ಗೋಪಿನಾಥರು ಸಹಿ ಹಾಕಬೇಕು. ಅವರು ನೋಡುತ್ತಿದ್ದುದು ಬೆರಳಿನಿಂದ. ಮುಟ್ಟದ ಪಿನ್ನಿಗೆ ಸಹಿ ಇಲ್ಲ. ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಅವರಿಗೆ ಉಂಗ್ಲಿ ಸಾಬ್, ಅಂದರೆ ಬೆರಳು ಸಾಹೇಬ, ಎಂದೇ ಹೆಸರು.

"ಫೋಟೊ ನೋಡಿ ನನ್ನನ್ನ ಒಪ್ಪಿದ ಮನುಷ್ಯ ಇವರೇನಾ ಅಂತ ಅನುಮಾನ ಬರುತ್ತೆ" ಎಂದು ಹೆಂಡತಿ ಅಹಲ್ಯಾ ಕಿಚಾಯಿಸುತ್ತಿದ್ದರು.

ಹತ್ತಿ ನಿಲ್ಲುವ ಹಳೆಯ ಸ್ಟ್ಯಾಂಡ್ ಮುರಿದಾಗ, ಖರೀದಿ ಮ್ಯಾನೇಜರ್ ಸುದರ್ಶನ್ ಹೊಸದನ್ನು ತರಿಸಿದ. ಕಳಿಸಿದ ಅಂಗಡಿ ನನ್ನದು. ಕೇಳಿದ ಅಳತೆಯದು ಇರಲಿಲ್ಲ. ಇದ್ದದ್ದನ್ನು ಕಳಿಸಿ, ಕಾಗದದಲ್ಲಿ ಕೇಳಿದ ಅಳತೆಯನ್ನೇ ಬರೆದೆ. ನಮ್ಮ ಸಾಲಿನ ಅಂಗಡಿಗಳಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ.

"ಮೇಲಿನ ನಟ್ಟಿಗೆ ಕೈ ಎಟುಕ್ತಿಲ್ಲ ಸರ್" ಎಂದು ಗೋಪಿನಾಥರು ಎರಡು ಸಲ ಹೋಗಿ ಹೇಳಿದರು.

"ಕಾಗದದಲ್ಲಿ ಅಳತೆ ಸರಿ ಇದೆ ಅಂಕಲ್" ಎಂದ ಸುದರ್ಶನ್. "ವಯಸ್ಸಾಯ್ತಲ್ಲ, ನೀವೇ ಕುಗ್ಗಿರಬೇಕು."

ಜನವರಿಯ ಮಂಜಿಗೆ ವಿಮಾನಗಳೆಲ್ಲ ತಡವಾಗಿದ್ದ ಒಂದು ಬೆಳಗ್ಗೆ, ದಿಲೀಪ್ ಎಂಬ ಉದ್ದನೆಯ ಮೆಕ್ಯಾನಿಕ್ ಒಂದು ವಿಮಾನದ ಚಕ್ರದ ಕಾಲಿನ ಮೇಲಿನ ನಟ್ ಬಿಗಿಯುತ್ತಿದ್ದ. ಅರ್ಧದಲ್ಲಿ ಅವನನ್ನು ಇನ್ನೊಂದು ವಿಮಾನಕ್ಕೆ ಕೂಗಿದರು. ಹಿಂದಿರುಗಿದವನು, "ಹೋ ಗಯಾ ಸಾಬ್, ಚಲೋ" ಎಂದ. ಪಿನ್ ಅವನ ಜೇಬಿನಲ್ಲೇ ಇತ್ತು. ಹಾಕಿದ್ದೇನೆಂದೇ ಅವನು ನಂಬಿದ್ದ.

ಗೋಪಿನಾಥರು ಸ್ಟ್ಯಾಂಡ್ ಹತ್ತಿ ತುದಿಗಾಲಲ್ಲಿ ನಿಂತರು. ಬೆರಳು ಒಂದು ಗೇಣು ಕೆಳಗೇ ನಿಂತಿತು. ಕೆಳಗೆ ನಾಲ್ಕು ಜನ ಗಡಿಯಾರ ನೋಡುತ್ತಿದ್ದರು. ಕೋಲಿಗೆ ಕನ್ನಡಿ ಕಟ್ಟಿ ಟಾರ್ಚು ಬಿಟ್ಟರು. ಒಂದು ಪಿನ್ ಮಿನುಗಿತು. ಇಳಿದು ಸಹಿ ಹಾಕಿದರು. ಮಿನುಗಿದ್ದು ಪಕ್ಕದ ನಟ್ಟಿನದು.

ಸಂಜೆ ಆ ವಿಮಾನ ಇಳಿಯುವಾಗ ಒಂದು ಕಾಲು ಮಡಿಸಿಕೊಂಡಿತು. ರೆಕ್ಕೆ ನೆಲಕ್ಕೆ ಉಜ್ಜಿ, ವಿಮಾನ ರನ್‌ವೇ ಬಿಟ್ಟು ಹುಲ್ಲಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಒಬ್ಬ ಗಗನಸಖಿಯ ಭುಜ ಮುರಿಯಿತು.

"ಮುಟ್ಟಿ ನೋಡಿದಿರಾ?" ಎಂದು ವಿಚಾರಣೆಯಲ್ಲಿ ಕೇಳಿದರು.

"ಇಲ್ಲ. ಕನ್ನಡಿಯಲ್ಲಿ ನೋಡಿದೆ. ಕೈ ಎಟುಕಲಿಲ್ಲ."

ಅವರ ಮುಂದೆ ಅಳತೆ ಬರೆದ ನನ್ನ ಕಾಗದ ಇಟ್ಟರು. ಅಷ್ಟರಲ್ಲಿ ಸ್ಟ್ಯಾಂಡ್ ಹ್ಯಾಂಗರಿನಿಂದ ಮಾಯವಾಗಿತ್ತು.

ಮರುದಿನವೇ ಗೋಪಿನಾಥರು ಅಂಗಡಿಗೆ ಬಂದರು. ಬಾಗಿಲ ಬಳಿ ಅದೇ ಜಾತಿಯ ಇನ್ನೊಂದು ಸ್ಟ್ಯಾಂಡ್ ನಿಂತಿತ್ತು. ಟೇಪು ಹಿಡಿದು ಎರಡು ಸಲ ಅಳೆದರು.

"ಒಂಬತ್ತು ಇಂಚು ಕಮ್ಮಿ ಇದೆ ಯಜಮಾನ್ರೇ. ಅಷ್ಟನ್ನೇ ಬರೆದುಕೊಡಿ. ನನ್ನ ತಪ್ಪಿಲ್ಲ ಅಂತೇನೂ ಬೇಡ, ಮುಟ್ಟದೆ ಸಹಿ ಹಾಕಿದವನು ನಾನೇ. ಲೈಸೆನ್ಸ್ ಪೂರ್ತಿ ಕಿತ್ಕೋತಾರೋ, ಆರು ತಿಂಗಳು ತಡೀತಾರೋ, ಅದೊಂದು ನೀವು ಬರೆಯೋ ಈ ಸಾಲಿನ ಮೇಲಿದೆ."

"ಲೆಟರ್‌ಹೆಡ್ ಖಾಲಿಯಾಗಿದೆ, ನಾಳೆ ಬನ್ನಿ" ಎಂದೆ. ಲೆಟರ್‌ಹೆಡ್ಡಿನ ಕಟ್ಟು ನನ್ನ ಮೊಣಕೈ ಕೆಳಗಿತ್ತು. ಅವರ ಕಣ್ಣು ಅಲ್ಲಿಗೆ ಹೋಗಿ ಬಂತು. ಆದರೂ ಮರುದಿನ ಬಂದರು. ಹೀಗೆ ನಾಲ್ಕು ಸಲ. ಪ್ರತಿಸಲವೂ ಟೀ ತರಿಸಿದೆ.

ನಾಲ್ಕನೆಯ ಸಲ ಲೋಟ ಪಕ್ಕಕ್ಕೆ ಸರಿಸಿದರು. "ನಿಮ್ಮ ಟೀ ಚೆನ್ನಾಗಿರುತ್ತೆ. ಆದ್ರೆ ವಿಚಾರಣೆಯವರ ಮುಂದೆ ಲೋಟ ಇಡೋಕಾಗಲ್ವಲ್ಲ."

ಲೈಸೆನ್ಸ್ ಪೂರ್ತಿ ಹೋಯಿತು. ದಿಲೀಪ್ ಮೂರು ತಿಂಗಳು ಮನೆಯಲ್ಲಿ ಕೂತು ಮತ್ತೆ ಕೆಲಸಕ್ಕೆ ಹೋದ. ಸುದರ್ಶನ್‌ಗೆ ಬಡ್ತಿ ಬಂತು. ನನ್ನ ಅಂಗಡಿಗೆ ಆ ಕಂಪನಿಯ ಆರ್ಡರುಗಳು ಮೊದಲಿಗಿಂತ ಹೆಚ್ಚಾದವು. ಗೋಪಿನಾಥರು ಈಗ ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಲಿಫ್ಟುಗಳನ್ನು ನೋಡಿಕೊಳ್ಳುತ್ತಾರೆ.

ಹೋದ ತಿಂಗಳು ಫೋನ್ ಮಾಡಿದೆ. ಮಗಳು ಮಯೂರಿ ಎತ್ತಿಕೊಂಡಳು.

"ಪಾಪಾ ಡ್ಯೂಟಿ ಪೇ ಹೈಂ ಅಂಕಲ್. ಲೆಟರ್ ರೆಡಿ ಇದ್ರೆ ಹೇಳಿ, ಕರೀತೀನಿ. ಸುಮ್ನೆ ಹಾಲ್‌ಚಾಲ್ ಕೇಳೋಕಾದ್ರೆ ಬೇಡ."

ನಾನು ಕಳಿಸಿದ ಸ್ಟ್ಯಾಂಡ್ ಒಂಬತ್ತು ಇಂಚು ಕುಳ್ಳಗಿತ್ತು, ಅದು ಗೊತ್ತಿದ್ದೇ ಸುಳ್ಳು ಅಳತೆ ಬರೆದೆ ಎಂಬ ಒಂದು ಸಾಲನ್ನು, ನನ್ನ ಸಹಿ ಮತ್ತು ಅಂಗಡಿಯ ಮೊಹರಿನ ಸಮೇತ, ನಾನು ಗೋಪಿನಾಥರಿಗೆ ಕೊಡಬೇಕಾಗಿದೆ.