ಸಾಣೆಕಲ್ಲಿನ ಮೇಲೆ ಸಮುದ್ರ ನೊರೆ

ಮಳೆಗಾಲ ಬಂತೆಂದರೆ ಸವಣೂರಿನ ನಮ್ಮ ಓಣಿಯಲ್ಲಿ ಒಂದಿಲ್ಲೊಂದು ಮಗುವಿನ ಕಿವಿ ಸೋರುತ್ತಿದ್ದ ಕಾಲ ಅದು. ನನ್ನದಂತೂ ವರ್ಷ ವರ್ಷವೂ ಸೋರುತ್ತಿತ್ತು. ಡಾಕ್ಟರು ಯಾಕೆ, ಅಜ್ಜಿ ಇದ್ದಳಲ್ಲ! ಅವಳ ಡಬ್ಬಿಯಲ್ಲಿ ಸಮುದ್ರ ನೊರೆ ಇರುತ್ತಿತ್ತು. ಅಂಗಡಿಯಿಂದ ತಂದ, ಅಂಗೈಯಷ್ಟು ಉದ್ದದ, ಹಗುರಾದ ಬಿಳಿ ತುಂಡು. ಕಡಲಿನ ನೊರೆಯೇ ಒಣಗಿ ಗಟ್ಟಿಯಾಗಿ ಹೀಗಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಅಜ್ಜಿ ಅದನ್ನು ದೇವರ ಗಂಧ ತೇಯುವ ಸಾಣೆಕಲ್ಲಿನ ಮೇಲೆಯೇ ತೇಯ್ದು, ಬೆಚ್ಚಗಿನ ಎಣ್ಣೆಯಲ್ಲಿ ಕಲಸಿ ಕಿವಿಗೆ ಬಿಡುತ್ತಿದ್ದಳು. ನೊರೆಗೆಂಥ ಮೈಲಿಗೆ?

ಒಂದು ಶ್ರಾವಣದಲ್ಲಿ ಪಕ್ಕದ ಮನೆಗೆ ಕಾರವಾರದ ಸುಮನಕ್ಕ ಹೊಸದಾಗಿ ಬಂದಿದ್ದಳು. ಅಜ್ಜಿ ತೇಯುವುದನ್ನು ನೋಡಿ ಕಿಸಕ್ಕನೆ ನಕ್ಕಳು.

"ಅಯ್ಯೋ ಅಜ್ಜಿ, ಅದು ನೊರೆ ಅಲ್ಲ. ಮಸಿ ಉಗುಳುವ ಮೀನು ಇರ್ತದಲ್ಲ, ಅದರ ಎಲುಬು. ನಮ್ಮ ಕಡಲದಂಡೆಯಲ್ಲಿ ರಾಶಿ ಬಿದ್ದಿರ್ತದೆ. ಮೀನು ನಾವು ತಿಂತೇವೆ, ಎಲುಬು ಬಿಸಾಕ್ತೇವೆ."

ಅಜ್ಜಿಯ ಕೈ ನಿಂತಿತು. "ಮೀನಿನ ಎಲುಬ? ದೇವರ ಸಾಣೀಕಲ್ಲಿನ ಮ್ಯಾಲೆ?"

ಎದ್ದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತವಳು ಏಳಲೇ ಇಲ್ಲ. ಅವ್ವ ಬಾಗಿಲಲ್ಲಿ ನಿಂತು, "ಅತ್ತೀ, ಊಟಕ್ಕ ಏಳ್ರಿ" ಎಂದು ಮತ್ತೆ ಮತ್ತೆ ಕರೆದಳು. "ಒಲ್ಲೆ" ಎಂಬ ಒಂದೇ ಉತ್ತರ. ನನ್ನ ಹಾಳು ಕಿವಿಯಿಂದಲೇ ಅಜ್ಜಿ ಇನ್ನು ಉಣ್ಣದೆ ಸತ್ತುಹೋಗುತ್ತಾಳೆ ಎಂದು ನಾನು ಗಳಗಳನೆ ಅತ್ತೆ. ಸುಮನಕ್ಕ ತನ್ನ ಮನೆಗೂ ಹೋಗದೆ, ಮುಖ ಸಣ್ಣದು ಮಾಡಿಕೊಂಡು ಪಡಸಾಲೆಯಲ್ಲೇ ಕೂತಿದ್ದಳು.

ಹೊತ್ತು ಇಳಿದ ಮೇಲೆ ಅಜ್ಜಿ ಪೂಜೆಯ ಶಂಖ ಹಿಡಿದು ಹೊರಗೆ ಬಂದಳು.

"ಸುಮನಾ, ಇದೂ ನಿಮ್ಮ ಸಮುದ್ರದ್ದ ಹೌದಲ್ಲ? ಇದರಾಗ ಏನಿತ್ತು?"

"ಒಂದು ಹುಳ ಇತ್ತು ಅಜ್ಜಿ. ಇದು ಅದರ ಚಿಪ್ಪು," ಎಂದಳು ಸುಮನಕ್ಕ, ಅಂಜುತ್ತ.

"ದಿನಾ ಇದರಾಗಿನ ನೀರ ದೇವರ ತಲೀ ಮ್ಯಾಲೆ ಹಾಕ್ತೀನಿ. ಅವಾ ಒಮ್ಮೆರ ಬ್ಯಾಡ ಅಂದಾನೇನು?" ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ಸೊಸೀ, ಎಲಿ ಹಾಕು, ಹಸಿವಿ ಆಗ್ಯದ. ಈ ಸುಮನಾಗೂ ನನ್ನ ಬಾಜೂಕ ಒಂದು ಹಾಕು."

ಉಸ್ಸಪ್ಪಾ! ಹೋದ ಜೀವ ಬಂದಂತಾಯಿತು. ಇಂಗಿನ ಒಗ್ಗರಣೆಯ ಬಿಸಿ ಸಾರು ಅಷ್ಟು ರುಚಿಯಾಗಿ ಮತ್ತೆಂದೂ ನಾನು ಉಂಡಿಲ್ಲ.

ಈಗ ಮಕ್ಕಳ ಕಿವಿ ಸೋರಿದರೆ ಶಿಗ್ಗಾಂವದ ಡಾಕ್ಟರ ಹತ್ತಿರ ಓಡುತ್ತೇವೆ. ಅದು ಒಳ್ಳೆಯದೇ ಆಯಿತು. ಆದರೆ ಓಣಿಗೆ ಹೊಸಬರು ಬಂದರೆ ಹೆಸರಿಗಿಂತ ಮೊದಲು ಏನು ತಿನ್ನುತ್ತಾರೆಂದು ವಿಚಾರಿಸುತ್ತೇವೆ. ಉತ್ತರ ಸರಿಬರದಿದ್ದರೆ ಬಾಗಿಲು ಹಾಕಿಕೊಳ್ಳುವವರು ಬೇಕಾದಷ್ಟು ಜನ. ಅರ್ಧ ದಿನ ಹಸಿದು ಕೂತು ಯೋಚಿಸಿ, ಮತ್ತೆ ಬಾಗಿಲು ತೆರೆದು ಬರುವವರು ನಮ್ಮಲ್ಲಿ ಯಾರೂ ಉಳಿದಿಲ್ಲ.