ಬೀಳಗಿಯಿಂದ ದಾವೀದನನ್ನು ಕರೆತಂದದ್ದು

ಧಾರವಾಡದಿಂದ ಮುಧೋಳಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಜನವರಿ ತಿಂಗಳ ಶನಿವಾರ. ಬೆಳಗಿನ ಚಳಿ ಯರಗಟ್ಟಿ ದಾಟುವವರೆಗೂ ಬಿಡಲಿಲ್ಲ. ನನ್ನನ್ನು ಕಳಿಸಿದವರು ನಮ್ಮ ಹಿರಿಯಣ್ಣ ಮತ್ತು ಮನೆಯ ಉಳಿದವರು. ಬನಹಟ್ಟಿಯಲ್ಲಿರುವ ನನ್ನ ತಂಗಿ ಮಾರ್ತಾಳಿಗೆ ನಾನು ಬುದ್ಧಿ ಹೇಳಿ ಬರಬೇಕಿತ್ತು.

ಸಂಗತಿ ಇಷ್ಟು. ಮಾರ್ತಾಳ ಗಂಡ ತೀರಿಕೊಂಡ ಮೇಲೆ ಅವನ ತಮ್ಮ ದಾವೀದ ಮನೆ ತನ್ನದೆಂದು ಕೋರ್ಟಿಗೆ ಹೋದ. ಸಾಲದ್ದಕ್ಕೆ ಅವಳ ನಡತೆಯ ಬಗ್ಗೆ ಊರಲ್ಲಿ ಇಲ್ಲದ ಮಾತು ಹಬ್ಬಿಸಿದ. ತೀರ್ಪು ಅವಳ ಕಡೆ ಆಯಿತು. ಅವನು ಊರು ಬಿಟ್ಟು ಬೀಳಗಿಯಲ್ಲಿ ನೆಲೆಸಿದ. ಈಗ ಅವನಿಗೆ ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಅವನನ್ನು ತನ್ನ ಮನೆಗೆ ತಂದಿಟ್ಟುಕೊಳ್ಳುತ್ತೇನೆಂದು ಮಾರ್ತಾ ಫೋನಿನಲ್ಲಿ ಹೇಳಿದ್ದಳು. ಅವಳಿಗೆ ಅರವತ್ತು ದಾಟಿದೆ, ಮೊಣಕಾಲು ನೋವಿದೆ, ಮನೆಯಲ್ಲಿ ಒಬ್ಬಳೇ. ಇದು ಹುಚ್ಚುತನ ಎಂಬುದರಲ್ಲಿ ನಮ್ಮ ಯಾರಿಗೂ ಸಂಶಯವಿರಲಿಲ್ಲ.

ಮುಧೋಳದ ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಊಟ ಮಾಡಿ ಮಹಾಲಿಂಗಪುರದ ಮೇಲೆ ಹೋಗುವ ಬಸ್ಸು ಹತ್ತಿದೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರು ಬೆಲ್ಲದ ವ್ಯಾಪಾರಿ. ಎಲ್ಲಿಗೆ, ಯಾಕೆ ಎಂದೆಲ್ಲ ವಿಚಾರಿಸಿದರು. ಹೊತ್ತು ಹೋಗಲಿ ಎಂದು ಹೆಸರು ಬಿಟ್ಟು ಕಥೆ ಹೇಳಿದೆ.

"ಹಾವಿಗಿ ಹಾಲು ಎರೆದಂಗ ಆಗ್ತೈತಿ ಬಿಡ್ರಿ," ಅಂದರು ಅವರು. "ನಿಮ್ಮ ತಂಗಿಗಿ ತಿಳಿಸಿ ಹೇಳ್ರಿ."

"ಅದಕ್ಕ ಹೊಂಟೇನ್ರಿ," ಅಂದೆ.

ಬನಹಟ್ಟಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಓಣಿಗಳಲ್ಲಿ ಮಗ್ಗಗಳ ಸದ್ದು ಬಿಡುವಿಲ್ಲದೆ ನಡೆದಿತ್ತು. ಮಾರ್ತಾ ನೀರು, ಚಹಾ ಕೊಟ್ಟಳು. ಒಳಗಿನ ಕೋಣೆಯಲ್ಲಿ ದಾವೀದನಿಗಾಗಿ ಮಂಚ ಹಾಕಿ, ಅದರ ಮೇಲೆ ರಬ್ಬರ್ ಹಾಳೆ ಹಾಸಿಟ್ಟಿದ್ದಳು. ಅದನ್ನು ನೋಡಿದ ಮೇಲೆ ಆ ಸಂಜೆ ನಾನು ಮಾತು ತೆಗೆಯಲಿಲ್ಲ.

ಮರುದಿನ ಆರಾಧನೆಗೆ ಹೋದೆವು. ಒಂದೇ ಕೋಣೆಯ ಸಭೆ. ಪಕ್ಕದ ಮಗ್ಗದ ಶೆಡ್ಡಿನ ಸದ್ದಿನ ನಡುವೆಯೇ ಜನ ಹಾಡಿದರು, ಪ್ರಾರ್ಥಿಸಿದರು. ಮುಗಿದ ಮೇಲೆ ಪಾಸ್ಟರನ್ನು ಕಂಡು, ಮಾರ್ತಾಳ ಎದುರಿಗೇ ನಾನು ಬಂದ ಕೆಲಸ ಹೇಳಿಕೊಂಡೆ. ಅವರು ನನ್ನ ಕಡೆಗೇ ಇದ್ದರು.

"ಅಕ್ಕಾರ, ಕ್ಷಮಿಸೋದು ಬ್ಯಾರೆ, ಮನ್ಯಾಗ ಇಟ್ಕೊಳ್ಳೋದು ಬ್ಯಾರೆ," ಎಂದು ಅವರು ಮಾರ್ತಾಳಿಗೆ ಹೇಳಿದರು. "ಜಮಖಂಡಿ ಕಡೆ ಒಂದು ಆಶ್ರಮ ಐತಿ. ಅಲ್ಲಿ ಇಡೂಣು. ವಾರಕ್ಕೊಮ್ಮೆ ಹೋಗಿ ನೋಡಿ ಬರ್ರಿ."

ಮಾರ್ತಾ ಸೆರಗು ಸರಿ ಮಾಡಿಕೊಂಡಳು. "ಮೊದಲ ನಾನೂ ಅದನ್ನ ಮಾಡಿದ್ದೆರಿ. ಆಶ್ರಮದಾಗ ಮಾತಾಡಿ ಬಂದೆ. ಅವರೂ ಹೂಂ ಅಂದ್ರು. ಎಲ್ಲಾ ಸರಿ ಆಗಿತ್ತು. ಖರೆ, ಪ್ರಾರ್ಥನಾಕ ಕುಂತ್ರ ಮನಸ್ಸಿಗಿ ಸಮಾಧಾನ ಬರವಲ್ದಾತು."

"ದೇವರು ಏನಾರ ಹೇಳಿದನೇನು?" ಎಂದು ನಾನು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಕುಹಕವಿತ್ತು.

"ಧ್ವನಿ ಗಿನಿ ಏನೂ ಕೇಳಲಿಲ್ಲಣ್ಣಾ. ನನ್ನ ಲೆಕ್ಕ ನನಗ ಛಲೋನ ಕಂಡಿತ್ತು. ದೇವರ ಮುಂದ ಇಟ್ಟಾಗ ಅದು ನಿಲ್ಲಲಿಲ್ಲ. ಶತ್ರುವಿಗಿ ಊಟಕ್ಕ ಹಾಕು ಅಂತ ಅವನು ಹೇಳ್ಯಾನ. ಬ್ಯಾರೆ ಯಾರ ಕಡಿಂದಾರ ಹಾಕಿಸು ಅಂದಿಲ್ಲ. ನನ್ನ ಬುದ್ಧಿ ಬ್ಯಾಡ ಅಂತೈತಿ, ಅವನು ಮಾಡು ಅಂತಾನ. ಇಬ್ಬರೊಳಗ ಯಾರ ಮಾತು ಕೇಳ್ಲಿ?"

ಪಾಸ್ಟರ್ ಮತ್ತೆ ಆಶ್ರಮದ ಮಾತೆತ್ತಲಿಲ್ಲ. "ಹೋಗಿ ಕರ್ಕೊಂಡು ಬರ್ರಿ," ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಅವಳೊಬ್ಬಳನ್ನೇ ಕಳಿಸುವುದು ಸರಿ ಕಾಣದೆ ಜೊತೆಗೆ ಹೊರಟೆ.

ಸೋಮವಾರ ಬೆಳಿಗ್ಗೆ ಜಮಖಂಡಿಗೆ ಬಂದೆವು. ಮಾರ್ತಾಳಿಗೆ ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ; ನಾನು ದುಡ್ಡು ಕೊಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಅವಲಕ್ಕಿ ತಿಂದು ಬೀಳಗಿಯ ಬಸ್ಸು ಹಿಡಿದೆವು. ರಸ್ತೆಯ ಎರಡೂ ಕಡೆ ಕಬ್ಬು. ಆಮೇಲೆ ಬಿಳಿಜೋಳದ ಹೊಲಗಳು.

ದಾವೀದನ ಕೋಣೆ ಊರ ಹಿಂಬದಿಯಲ್ಲಿತ್ತು. ಇಷ್ಟು ದಿನ ಅವನಿಗೆ ಗಂಜಿ ಹಾಕುತ್ತಿದ್ದವಳು ಪಕ್ಕದ ಮನೆಯ ನೀಲವ್ವ. ಮಾರ್ತಾ ಯಾರೆಂದು ತಿಳಿದಾಗ ಅವಳು, "ನಿಮ್ಮ ಹೆಸರು ಎತ್ತಿದ್ರ ಆ ಕಡೆ ಮಾರಿ ಹೊಳ್ಳಿಸ್ತಾನ್ರಿ," ಎಂದು ಎಚ್ಚರಿಸಿದಳು. ಒಳಗೆ ಉಚ್ಚೆಯ ವಾಸನೆ ಮೂಗಿಗೆ ಬಡಿಯಿತು. ಅವನು ಚಾಪೆಯ ಮೇಲಿದ್ದ. ನಾನು ಕಂಡಿದ್ದ ದಪ್ಪ ಮೀಸೆಯ ಮನುಷ್ಯ ಅಲ್ಲಿರಲಿಲ್ಲ. ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು.

ನೀಲವ್ವ ಹೇಳಿದಂತೆಯೇ ಆಯಿತು. ನಮ್ಮನ್ನು ನೋಡಿದವನೇ ಗೋಡೆಯ ಕಡೆ ಹೊರಳಲು ನೋಡಿದ, ದೇಹ ಕೇಳಲಿಲ್ಲ.

"ನೋಡಾಕ ಬಂದೀರೇನು?" ಅಂದ. ಮಾತು ತೊದಲುತ್ತಿತ್ತು. "ನೋಡಿದ್ರಿ. ಹೋಗ್ರಿ."

"ಕರ್ಕೊಂಡ ಹೋಗಾಕ ಬಂದೇನಿ," ಅಂದಳು ಮಾರ್ತಾ.

"ನಾ ಬರಂಗಿಲ್ಲ."

ನನಗೆ ಒಳಗೊಳಗೇ ಹಗುರವಾಯಿತು. ಅವನೇ ಒಲ್ಲೆನೆಂದ ಮೇಲೆ ನಮ್ಮ ತಪ್ಪೇನಿದೆ? ಮನೆಯವರಿಗೆ ಹೇಳಲು ಒಳ್ಳೆಯ ಉತ್ತರವೂ ಸಿಕ್ಕಿತು. ಆದರೆ ಮಾರ್ತಾ ನೀಲವ್ವನ ಹತ್ತಿರ ಬಿಸಿನೀರು ಕೇಳಿ ತಂದಳು. ಹಳೆ ಪಂಜೆಯ ತುಂಡನ್ನು ಅದ್ದಿ ಹಿಂಡಿ ಅವನ ಮುಖ, ಕತ್ತು, ಕೈ ಒರೆಸಿದಳು. ಅವನು ಆಡುತ್ತಿದ್ದ ಎಡಗೈಯಿಂದ ಒಮ್ಮೆ ತಳ್ಳಿದ, ನೀರು ಚೆಲ್ಲಿತು. ಅವಳು ಮತ್ತೆ ಪಂಜೆ ಅದ್ದಿದಳು. ಎರಡನೆಯ ಸಲ ಅವನು ತಳ್ಳಲಿಲ್ಲ.

ಅವಳು ಒರೆಸಿ ಮುಗಿಸುವಾಗ ಅವನು, "ವೈನಿ," ಅಂದ. ಅಣ್ಣನ ಹೆಂಡತಿಯನ್ನು ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ. "ಯಾವ ಮಾರಿ ಹೊತ್ಕೊಂಡು ನಿನ್ನ ಮನಿಗಿ ಬರ್ಲಿ?"

"ಇದ್ದ ಮಾರೀನ ತಗೊಂಡು ಬಾ," ಅಂದಳು ಅವಳು, ಆ ಸೊಟ್ಟ ಬಾಯಿಯಿಂದ ಇಳಿಯುತ್ತಿದ್ದ ಜೊಲ್ಲು ಒರೆಸುತ್ತ.

ಅವನು ಅತ್ತ. ಅರ್ಧ ಮುಖವಷ್ಟೇ ಅತ್ತಿತು. ನಾನು ಹೊರಗೆ ಹೋಗಿ ನಿಂತೆ.

ನೀಲವ್ವ ಗೊತ್ತಿದ್ದ ಕ್ರೂಸರ್ ಗಾಡಿಯೊಂದನ್ನು ಬಾಡಿಗೆಗೆ ಕರೆಸಿದಳು. ದಾವೀದನನ್ನು ಎತ್ತಲು ಡ್ರೈವರ್ ತೋಳಿಗೆ ಕೈ ಹಾಕಿದ, ನಾನು ಕಾಲು ಹಿಡಿದೆ. ಅಷ್ಟು ಹಗುರವಿರುತ್ತಾನೆಂದು ನಾನು ಎಣಿಸಿರಲಿಲ್ಲ. ಸಂಜೆಯೊಳಗೆ ಬನಹಟ್ಟಿಯ ಆ ಮಂಚದ ಮೇಲೆ ಅವನಿದ್ದ.

ಅಲ್ಲಿಗೆ ಎಲ್ಲವೂ ಸುಖವಾಯಿತೆಂದಲ್ಲ. ಮಂಗಳವಾರ ಬೆಳಿಗ್ಗೆ ಅವನು ಗಂಜಿಯ ಬಟ್ಟಲನ್ನು ನೆಲಕ್ಕೆ ಕೆಡವಿದ. ಬೇಕೆಂದೇ ಕೆಡವಿದನೆಂದು ನನಗನ್ನಿಸಿತು. ಮಾರ್ತಾ ಅಡುಗೆಮನೆಗೆ ಬಂದು, ನೆಲ ಒರೆಸಿದ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

"ಸಿಟ್ಟು ಬಂತೇನು?" ಅಂದೆ.

"ಬರ್ತೈತಿ. ಯಾಕ ಬರಂಗಿಲ್ಲ?"

"ಮುಂದ ಹ್ಯಾಂಗ?"

"ನಂಗ ಗೊತ್ತಿಲ್ಲಣ್ಣಾ. ಗೊತ್ತಿದ್ರ ನನ್ನ ಬುದ್ಧಿ ಮ್ಯಾಲ ನಡೀತಿದ್ದೆ." ಇನ್ನೊಂದು ಬಟ್ಟಲಿಗೆ ಗಂಜಿ ಬಗ್ಗಿಸಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಊರಿಗೆ ಹೊರಟೆ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಅವನ ಹಾಸಿಗೆಬಟ್ಟೆ ಒಣಹಾಕುತ್ತಿದ್ದಳು. ಕೈ ಬೀಸಲಿಲ್ಲ, ಎರಡೂ ಕೈಯಲ್ಲಿ ಬಟ್ಟೆಯಿತ್ತು. ಬಸ್ಸು ರಬಕವಿ ದಾಟುತ್ತಿದ್ದಂತೆ ಧಾರವಾಡದಿಂದ ನಮ್ಮ ಹಿರಿಯಣ್ಣನ ಫೋನು ಬಂತು.

"ಏನಾತು? ಆಕಿ ಹುಚ್ಚು ಬಿಡಿಸಿದಿ ಇಲ್ಲ?"

"ಇಲ್ಲ. ಕರ್ಕೊಂಡು ಬಂದ್ವಿ."

"ಬಂದ್ವಿ? ನೀನೂ?"

"ಹೌದು," ಅಂದೆ. "ಗಾಡಿಗಿ ಎತ್ತುವಾಗ ಕಾಲು ನಾನ ಹಿಡಿದಿದ್ದೆ."